ನೋಟೀಸು ಅಂಟಿಸಿದ ಬಾಗಿಲು

ಪಾಲಿಕೆಯ ವಕೀಲರೂ ವರ್ಷಕ್ಕಿಷ್ಟು ತಾಸು ಪಾಠ ಕೇಳಬೇಕೆಂಬ ನಿಯಮ ಬಂದ ಮೇಲೆ, ಪಾಠ ಹೇಳುವ ಕೆಲಸ ತಾರಾನಾಥರ ಪಾಲಿಗೆ ಬಂತು. ಇಪ್ಪತ್ತು ವರ್ಷ ಪಾಲಿಕೆಯ ಪರ ವಾದಿಸಿದ ಉಡುಪಿಯವರು. ಗುಡಿಸಲು ಕೆಡವುವ ಕೇಸಿನಲ್ಲಿ ಒಮ್ಮೆಯೂ ಸೋತವರಲ್ಲ. ಬೇಲಾಪುರದ ಎ.ಸಿ. ಹಾಲಿನಲ್ಲಿ ಠಾಣೆ, ಕಲ್ಯಾಣ, ಡೊಂಬಿವಲಿಗಳಿಂದ ಬಂದ ನಲವತ್ತು ವಕೀಲರು ಕೋಟು ತೊಟ್ಟೂ ನಡುಗುತ್ತ ಕುಳಿತಿದ್ದರು. ಬಂದದ್ದು ವಿದ್ಯೆಗಲ್ಲ, ಸರ್ಟಿಫಿಕೇಟಿಗೆ. ಅದಿಲ್ಲದಿದ್ದರೆ ಮುಂದಿನ ವರ್ಷ ಪಾಲಿಕೆಯ ಕೇಸು ಸಿಗುವುದಿಲ್ಲ.

“ನೋಟೀಸು ಕೊಟ್ಟರೆ ಸಾಲದು, ಕೊಟ್ಟದ್ದು ಕಾಣಬೇಕು,” ಎಂದು ತಾರಾನಾಥರು ಮರಾಠಿಯಲ್ಲಿ ಹೇಳಿ ಪರದೆಯ ಮೇಲೊಂದು ಫೋಟೋ ತೋರಿಸಿದರು. ಹಸಿರು ಬಾಗಿಲು, ಮೇಲೆ ತೂಗುವ ಒಣ ನಿಂಬೆಹಣ್ಣು, ನಡುವೆ ನೋಟೀಸು. “ಗುಡ್ಡದ ಬುಡದ ಹನ್ನೊಂದು ಗುಡಿಸಲು. ಇದು ಚಂದ್ರಬಾಯಿ ಎಂಬವಳದ್ದು. ಮಂಗಳವಾರ ಕೋರ್ಟಿನಲ್ಲಿ ಈ ಫೋಟೋ ಇಡುತ್ತೇನೆ. ಬುಧವಾರ ಜೆಸಿಬಿ.”

ಹಿಂದೆಲ್ಲೋ ಚಹಾದ ಕಪ್ಪುಗಳು ಒಂದಕ್ಕೊಂದು ತಾಗಿ ಸದ್ದಾಯಿತು.

ಬಿಡುವಿನಲ್ಲಿ ತಾರಾನಾಥರು ಫೋನಿನಲ್ಲಿ ಯಾರೊಡನೆಯೋ ಕನ್ನಡ ಆಡಿದ್ದನ್ನು ಚಹಾ ಹಂಚುವ ಹೆಂಗಸು ಕೇಳಿಸಿಕೊಂಡಳು.

“ಸಾಹೇಬ್ರ, ನೀವೂ ನಮ್ಮ ಕಡಿಯವರೇನ್ರೀ? ಚಂದ್ರಬಾಯಿ ಅಂದ್ರ ನಾನೇರಿ. ಕಲಬುರ್ಗಿ ಬಾಜೂಕ ನಮ್ಮೂರು. ಆ ಬಾಗಿಲಾ ನಂದಲ್ರೀ, ಯಂಕಣ್ಣನ ಮನೀದು. ನಮ್ಮನಿಗಿ ಬಾಗಿಲೇ ಇಲ್ಲ, ಗೋಣಿತಟ್ಟು ಇಳಿಬಿಟ್ಟೀವಿ.”

“ಹೌದಾ?”

“ಹೌದ್ರೀ! ನಮ್ಮ ವಕೀಲ್ರು ಹೇಳ್ಯಾರ, ನೋಟೀಸ್ ಹಚ್ಚಿಲ್ಲಂದ್ರ ಮನಿ ಕೆಡವಾಕ ಬರಂಗಿಲ್ಲ ಅಂತ. ತಟ್ಟಿಗಿ ಕಾಗದ ಹ್ಯಾಂಗ ಹಚ್ತಾರ್ರೀ? ನೀವೇ ಜಜ್ ಸಾಹೇಬ್ರಿಗಿ ಒಂದ್ ಮಾತ್ ಹೇಳಿಬಿಡ್ರಿ.”

“ನೋಡುವ ಮಾರಾಯ್ತಿ,” ಎಂದರು ತಾರಾನಾಥರು. ಉಡುಪಿಯಲ್ಲಿ ಹೀಗೆಂದರೆ ಆಸೆ ಬಿಡಬೇಕು. ಕಲಬುರಗಿಯವಳು ನಂಬಿಕೊಂಡು ಹೋದಳು.

ಅವರು ಲ್ಯಾಪ್‌ಟಾಪಿನಲ್ಲಿ ಉಳಿದ ಹತ್ತು ಫೋಟೋ ತೆರೆದರು. ಹತ್ತರಲ್ಲೂ ಅದೇ ಹಸಿರು ಬಾಗಿಲು, ಅದೇ ನಿಂಬೆಹಣ್ಣು. ಇಷ್ಟು ದಿನ ಕಾಗದ ಓದಿದ್ದರೇ ಹೊರತು ಬಾಗಿಲು ನೋಡಿರಲಿಲ್ಲ. ನೋಟೀಸು ಅಂಟಿಸಿ ಬಂದ ಪಾಲಿಕೆಯ ಗುಮಾಸ್ತ ಅಭಿಜಿತ್ ಅಲ್ಲೇ ಸಮೋಸ ತಿನ್ನುತ್ತಿದ್ದ. ಕೇಳಿದರೆ ನಾಚಿಕೆಯೇನೂ ಪಡಲಿಲ್ಲ.

“ಸರ್, ಧೂಪ್ ಬಹುತ್ ಥೀ. ಛಾವ್ ಮೇ ವಹೀ ಏಕ್ ದರವಾಜಾ ಥಾ.”

ಬಿಸಿಲು ಜೋರು, ನೆರಳಿದ್ದದ್ದು ಅದೊಂದೇ ಬಾಗಿಲಿಗೆ. ಹನ್ನೊಂದು ನೋಟೀಸನ್ನೂ ಒಂದೊಂದಾಗಿ ಅಲ್ಲೇ ಅಂಟಿಸಿ, ಫೋಟೋ ಹೊಡೆದು, ಕಿತ್ತಿದ್ದ.

ಆಯುಕ್ತರಿಗೆ ಹೇಳಬಹುದಿತ್ತು. ತಾರಾನಾಥರು ಫೋನಿನಲ್ಲಿ ನಂಬರು ತೆಗೆದದ್ದೂ ಹೌದು. ಆಗ, ಒಮ್ಮೆಯೂ ಸೋಲದ ಇಪ್ಪತ್ತು ವರ್ಷಗಳಲ್ಲಿ ಇಂಥ ಹಸಿರು ಬಾಗಿಲು ಇನ್ನೆಷ್ಟಿದ್ದವೋ ಎಂಬ ಯೋಚನೆ ಬಂತು. ಫೋನು ಜೇಬಿಗಿಳಿಯಿತು.

ಮಧ್ಯಾಹ್ನದ ತಂಡಕ್ಕೂ ಅದೇ ಪಾಠ. ಪರದೆಯ ಮೇಲೆ ಈಗ ಬರೀ ನೋಟೀಸು. ಅಂಚಿನಲ್ಲೊಂದು ಹಸಿರು ಗೆರೆ. “ಫೋಟೋ ಕಾಗದದ್ದಿರಲಿ. ಬಾಗಿಲು ಬೇಡ,” ಎಂದರು. ಕುಳಿತವರೆಲ್ಲ ಬರೆದುಕೊಂಡರು.

ಚಂದ್ರಬಾಯಿಗೆ ಓದು ಬಾರದು. ಟ್ರೇ ಹಿಡಿದು, ಪರದೆಯನ್ನೇ ನೋಡುತ್ತ ಬಂದು ಪಿಸುಗುಟ್ಟಿದಳು:

“ಆ ಬಾಗಿಲಾ ತೆಗ್ಸಿಬಿಟ್ರಲ್ರೀ ಸಾಹೇಬ್ರ! ಭಾಳ ಪುಣ್ಯ ಬರ್ತದ ನಿಮಗ.”

ಆ ಸಲದ ಚಹಾಕ್ಕೆ ಸಕ್ಕರೆ ಹೆಚ್ಚೇ ಹಾಕಿದ್ದಳು. ತಾರಾನಾಥರು ಪೂರ್ತಿ ಕುಡಿದರು.

ಬುಧವಾರ ಜೆಸಿಬಿಗೆ ಅವಳ ಮನೆ ಎರಡು ನಿಮಿಷದ ಕೆಲಸ. ಒಡೆಯಲು ಬಾಗಿಲೂ ಇರಲಿಲ್ಲವಲ್ಲ.