ತೆಳುವಾದ ಬಿಯರಿನ ಲೆಕ್ಕ

ಲೈಲ್ ಬ್ರಾಂಟ್‌ಮೇಯರ್ ಅಮೆರಿಕದ ವಿಸ್ಕಾನ್ಸಿನ್ನಿನ ಜಮೀನುಗಳನ್ನು ಅಳೆದು ನಿವೃತ್ತನಾದವನು. ಅಳತೆ ತಪ್ಪಿತೆಂದರೆ ಯಾರೋ ಒಬ್ಬರು ತಪ್ಪಿರಲೇಬೇಕು ಎಂಬುದು ಅವನ ನಂಬಿಕೆ. ಆ ಒಬ್ಬರು ತಾನಾಗಿರಬಹುದೆಂಬುದು ಅವನಿಗೆ ಎಲ್ಲಕ್ಕಿಂತ ಕೊನೆಗೆ ಹೊಳೆಯುತ್ತಿತ್ತು.

ಆ ಚಳಿಗಾಲದುದ್ದಕ್ಕೂ ಅವನು ಮನೆಯಲ್ಲಿ ಮಾಡುವ ಬಿಯರು ಅಳತೆಗೆ ಬರಲಿಲ್ಲ. ಕ್ರಮ ಹಳೆಯದೇ. ಮೊಳಕೆ ಬರಿಸಿ ಒಣಗಿಸಿದ ಮಾಲ್ಟ್ ಬಾರ್ಲಿಯನ್ನು ಒಡೆಸಿ, ಚೀಲದಲ್ಲಿ ಕಟ್ಟಿ ಬಿಸಿನೀರಿನಲ್ಲಿ ನೆನೆಸಿ ಸಿಹಿ ಇಳಿಸುವುದು. ಸಾಲದ ಸಿಹಿಗೆ ಅಂಗಡಿಯ ಮಾಲ್ಟ್ ಪಾಕ ಸುರಿಯುವುದು. ಕಹಿ ಕೊಡುವ ಹಾಪ್ಸ್ ಹೂವಿನೊಂದಿಗೆ ಕುದಿಸಿ, ಆರಿಸಿ, ಬಕೆಟ್ಟಿಗೆ ಬಗ್ಗಿಸುವುದು. ಒಲೆಯ ಪಾತ್ರೆ ಚಿಕ್ಕದಾದ್ದರಿಂದ ಉಳಿದ ಜಾಗಕ್ಕೆ ತಣ್ಣೀರು ತುಂಬುವುದು. ಆಗ ರಸದ ಸಿಹಿ ಎಷ್ಟು ಗಟ್ಟಿಯೆಂದು ಅಳೆಯುವ ಹೈಡ್ರೋಮೀಟರ್ ತೇಲಿಬಿಟ್ಟರೆ ಐವತ್ತು ತೋರಿಸಬೇಕು. ನಲವತ್ತು ತೋರಿಸುತ್ತಿತ್ತು.

ಬಾರ್ಲಿ ಒಡೆದುಕೊಡುತ್ತಿದ್ದವನು ಓರಿನ್ ಶ್ಟೆಕ್. ಮೊಳೆ, ಸುತ್ತಿಗೆ ಮಾರುವ ಅಂಗಡಿಯ ಹಿಂಭಾಗದಲ್ಲಿ ಗಿರಣಿ ಇಟ್ಟುಕೊಂಡಿದ್ದ ಬಾಲ್ಯದ ಗೆಳೆಯ. ಕಾಳು ಸರಿಯಾಗಿ ಒಡೆಯದಿದ್ದರೆ ಸಿಹಿ ಇಳಿಯದು. ಆದ್ದರಿಂದ ಮನೆಯಲ್ಲಿ ಬಿಯರು ಮಾಡುವವರ ಸಂಘದ ಸಭೆಯಲ್ಲಿ, ಎಲ್ಲರ ಮುಂದೆ, ಲೈಲ್ ಹೇಳಿಬಿಟ್ಟ.

"ಓರಿನ್, ನಿನ್ನ ಗಿರಣಿ ಸವೆದಿದೆ ಕಣೋ. ಕಾಳು ಒಡೀತಿಲ್ಲ, ಬರೀ ತಲೆ ಸವರಿ ಕಳಿಸ್ತಿದೆ."

ಜನ ನಕ್ಕರು. ಓರಿನ್ ನಗಲಿಲ್ಲ. "ಹಾಗಾದ್ರೆ ಬೇರೆ ಕಡೆ ಒಡೆಸ್ಕೋ," ಎಂದು ಕೋಟು ಹಾಕಿಕೊಂಡು ಹೊರಟುಹೋದ. ಶನಿವಾರಗಳಂದು ಲೈಲನ ಮನೆಗೆ ಬಿಯರು ಹೂಡಲು ಅವನು ಮತ್ತೆ ಬರಲೇ ಇಲ್ಲ. ಸಂಘದವರು ಒಬ್ಬೊಬ್ಬರಾಗಿ ಬೇರೆ ಅಂಗಡಿ ಹಿಡಿದರು. ಗಿರಣಿಯ ಮೇಲೆ 'ಮಾರಾಟಕ್ಕಿದೆ' ಎಂಬ ಚೀಟಿ ಬಿದ್ದಿದೆಯೆಂದು ಲೈಲನ ಹೆಂಡತಿ ಆರ್ಡಿಸ್ ಸುದ್ದಿ ತಂದಳು.

ಲೈಲ್ ಪಕ್ಕದೂರಿನಲ್ಲಿ ಬಾರ್ಲಿ ಒಡೆಸಿದ. ನಲವತ್ತೇ ಬಂತು. ಥರ್ಮಾಮೀಟರ್ ಬದಲಿಸಿದ, ಚೀಲ ಸಡಿಲವಾಗಿ ಕಟ್ಟಿದ, ಹೆಚ್ಚು ಹೊತ್ತು ನೆನೆಸಿದ, ನೆನೆದ ಕಾಳನ್ನು ನಿಧಾನವಾಗಿ ತೊಳೆದ. ಸಂಖ್ಯೆ ಅಲ್ಲಾಡಲಿಲ್ಲ.

"ಕುಡಿಯೋಕೆ ಮೊದಲಿನ ಹಾಗೇ ಇದೆಯಲ್ಲ," ಎಂದಳು ಆರ್ಡಿಸ್, ಶುಕ್ರವಾರದ ಕರಿದ ಮೀನಿನ ಮುಂದೆ. "ಒಂದು ಲೋಟಕ್ಕೇ ನಂಗೆ ಕಣ್ಣು ಎಳೀತಿದೆ."

"ತೆಳುವಾಗಿದೆ. ಅಳತೆ ಹೇಳ್ತಿದೆ."

"ಅಳತೆ ಕುಡಿಯಲ್ಲ, ಲೈಲ್. ನಾನು ಕುಡೀತೀನಿ."

ಕೊನೆಗೆ ಅವನು ಬಾರ್ಲಿಯನ್ನೇ ಕೈಬಿಟ್ಟು, ಬರಿಯ ಪಾಕದಿಂದ ಬಿಯರು ಹೂಡಿದ. ಪಾಕ ಪೂರ್ತಿ ಕರಗುತ್ತದೆ; ಸಿಹಿಯನ್ನು ಒಳಗೆ ಉಳಿಸಿಕೊಳ್ಳಲು ಅದಕ್ಕೆ ಸಿಪ್ಪೆಯಿಲ್ಲ. ಇಷ್ಟು ನೀರಿಗೆ ಇಷ್ಟು ಪಾಕವೆಂದರೆ ಉತ್ತರ ಬರಿಯ ಭಾಗಾಕಾರ. ಐವತ್ತು ಬರಲೇಬೇಕು. ನಲವತ್ತು ಬಂತು.

ಲೈಲ್ ಕುರ್ಚಿ ಎಳೆದುಕೊಂಡು ಕೂತ. ಗಿರಣಿಯೇ ಇಲ್ಲದ ಕಡೆ ಗಿರಣಿಯ ತಪ್ಪು ಎಲ್ಲಿಂದ ಬಂತು? ಹೈಡ್ರೋಮೀಟರನ್ನು ಬರಿಯ ನೀರಿನಲ್ಲಿಟ್ಟ, ಸೊನ್ನೆಗೆ ನಿಂತಿತು. ಉಪಕರಣ ಸುಳ್ಳಾಡುತ್ತಿಲ್ಲ. ಹಾಗಾದರೆ ಅದಕ್ಕೆ ಕೊಟ್ಟ ರಸ? ಅದನ್ನು ಯಾವಾಗಲೂ ಬಕೆಟ್ಟಿನ ಮೇಲ್ಭಾಗದಿಂದ ಸೌಟಿನಲ್ಲಿ ತೆಗೆಯುತ್ತಿದ್ದ. ಈಗ ತಳದ ನಲ್ಲಿಯಿಂದ ಹಿಡಿದ. ಹೈಡ್ರೋಮೀಟರ್ ಅರವತ್ತನ್ನು ದಾಟಿ ಎದ್ದು ನಿಂತಿತು.

ತಣ್ಣೀರು ಸಿಹಿಯ ಮೇಲೆ ಕೂತಿತ್ತು, ಬೆರೆತಿರಲಿಲ್ಲ. ಏಕೆ ಬೆರೆತಿರಲಿಲ್ಲ ಎಂಬುದಕ್ಕೆ ಲೆಕ್ಕ ಬೇಕಾಗಲಿಲ್ಲ. ವರ್ಷಗಳ ರೂಢಿಯಂತೆ, ನೀರು ತುಂಬಿದೊಡನೆ ಮುಚ್ಚಳ ಬಿಗಿದು, ಆ ಕಡೆ ಓರಿನ್, ಈ ಕಡೆ ಲೈಲ್ ಹಿಡಿದು ಬಕೆಟ್ಟನ್ನು ತೊಟ್ಟಿಲಿನಂತೆ ತೂಗುತ್ತಿದ್ದರು. ಹುದುಗು ಬರಿಸುವ ಯೀಸ್ಟಿಗೆ ಗಾಳಿ ಬೇಕೆಂದು ತೂಗುತ್ತಿದ್ದರೇ ಹೊರತು ಬೆರೆಸಲೆಂದಲ್ಲ. ಚಳಿ ಆರಂಭವಾಗುವಾಗ ಓರಿನ್‌ಗೆ ಹರ್ನಿಯಾ ಶಸ್ತ್ರಚಿಕಿತ್ಸೆಯಾಗಿ ಅವನಿಗೆ ಬರಲಾಗಲಿಲ್ಲ. ಅಷ್ಟು ಭಾರವನ್ನು ಒಬ್ಬನೇ ತೂಗಲಾರದೆ ಲೈಲ್ ಸುಮ್ಮನೆ ಬಿಟ್ಟಿದ್ದ. ಮೊದಲ ನಲವತ್ತು ಬಂದದ್ದು ಅಂದೇ. ಓರಿನ್ ಇಲ್ಲದ್ದರಿಂದಾದ ತಪ್ಪನ್ನು ಓರಿನ್ ಮೇಲೆಯೇ ಹೊರಿಸಿ, ಅವನನ್ನು ದೂರ ಮಾಡಿ, ಪ್ರತಿ ಶನಿವಾರ ಅದೇ ತಪ್ಪನ್ನು ಮತ್ತೆ ಅಳೆದಿದ್ದ.

ಮರುದಿನ ಅಂಗಡಿಯಲ್ಲಿ ಗಿರಾಕಿಗಳಿದ್ದರು. ಲೈಲ್ ಟೋಪಿ ತೆಗೆದ.

"ಓರಿನ್, ನಿನ್ನ ಗಿರಣಿ ಚೆನ್ನಾಗೇ ಇದೆ. ನಾನೇ ಬೆರೆಸದೆ ಅಳೆದೆ."

ಓರಿನ್ ಮೊಳೆ ತೂಗುವುದನ್ನು ನಿಲ್ಲಿಸಲಿಲ್ಲ. "ಅವತ್ತು ಸಂಘ ಪೂರ್ತಿ ಇತ್ತು. ಇಲ್ಲಿ ಇಬ್ಬರಿದ್ದಾರೆ. ಲೆಕ್ಕ ಬಲ್ಲೋನು ನೀನು. ಸರಿಹೋಯ್ತಾ?"

"ಇಲ್ಲ. ಗುರುವಾರ ಅಲ್ಲೂ ಹೇಳ್ತೀನಿ."

"ನಿಂತ್ಕೊಂಡು ಹೇಳು. ಕೂತು ಗೊಣಗಬೇಡ."

ಗುರುವಾರ ಲೈಲ್ ನಿಂತು ಹೇಳಿದ. ಯಾರೂ ನಗಲಿಲ್ಲ, ನಕ್ಕಿದ್ದರೆ ಅವನಿಗೆ ಹಗುರಾಗುತ್ತಿತ್ತು.

ಶನಿವಾರ ಓರಿನ್ ಒಡೆದ ಬಾರ್ಲಿಯ ಚೀಲ ಹಿಡಿದು ಬಂದ. ಮಧ್ಯಾಹ್ನ ಬಕೆಟ್ಟಿಗೆ ತಣ್ಣೀರು ತುಂಬಿ, ಮುಚ್ಚಳ ಬಿಗಿದು, ಇಬ್ಬರೂ ಎದುರುಬದುರು ನಿಂತರು.

"ಮೆಲ್ಲಗೆ ತೂಗೋ," ಎಂದ ಓರಿನ್. "ಹೊಟ್ಟೆ ಹೊಲಿಸ್ಕೊಂಡಿರೋನು ನಾನು, ನೀನಲ್ಲ."

ತೂಗಿ ಮುಗಿಸಿದ ಮೇಲೆ ಲೈಲ್ ಸೌಟಿನಿಂದ ರಸ ತೆಗೆದು ಹೈಡ್ರೋಮೀಟರ್ ಬಿಟ್ಟ. ಐವತ್ತು.

"ಕೆಳಗಿಂದೂ ತೆಗಿ," ಎಂದ ಓರಿನ್. "ನಿನ್ನ ಅಳತೆ ಮೇಲೆ ನಂಗೆ ನಂಬಿಕೆ ಇಲ್ಲ."

ಲೈಲ್ ಮೊಣಕಾಲೂರಿ ಕೂತು ತಳದ ನಲ್ಲಿ ತಿರುಗಿಸಿದ.