ವಿಭೂತಿ ಬಟ್ಟಲು

ಶಿರಾದ ಹಳೇ ಪೇಟೆಯ ಆ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ದಿನದ ಮೊದಲ ಕೆಲಸ ಮಷಿನ್ ಆನ್ ಮಾಡುವುದಲ್ಲ. ಮಾಲೀಕರಾದ ಮರುಳಸಿದ್ದಯ್ಯನವರು, ಅಂದರೆ ಊರಿಗೆಲ್ಲ ಅಯ್ನೋರು, ಪೂಜೆ ಮುಗಿಸಿ ವಿಭೂತಿ ಬಟ್ಟಲು ಹಿಡಿದು ಬರಬೇಕು, ಕೆಲಸದವರ ಹಣೆಗೆಲ್ಲ ತಮ್ಮ ಕೈಯಾರೆ ಹಚ್ಚಬೇಕು. ಮಿಕ್ಕಿದ್ದೆಲ್ಲ ಆಮೇಲೆ.

ಕಳ್ಳಂಬೆಳ್ಳದ ಪ್ರಿಯಾಂಕ ಅಲ್ಲಿ ಆರು ವರ್ಷ ಸಂಬಳಕ್ಕಿದ್ದು ಲಗ್ನಪತ್ರಿಕೆ ಡಿಸೈನ್ ಮಾಡಿದವಳು. ಯುಗಾದಿ ಕಳೆದ ಮೇಲೆ ಕೆಲಸ ಬಿಟ್ಟು, ಮನೆಯಲ್ಲೇ ಲ್ಯಾಪ್‌ಟಾಪ್ ಮುಂದೆ ಕೂತು, ಹೊರದೇಶದ ಎರಡು ಕಂಪನಿಗಳಿಗೆ ಲೇಬಲ್ಲು, ಪುಸ್ತಕದ ಮುಖಪುಟ ಮಾಡಿಕೊಡತೊಡಗಿದಳು. ಅದು ಕೈಹಿಡಿದದ್ದೇ ತಡ, ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಯುರೋಪಿನಲ್ಲಿ ಕಡಲ ಪಕ್ಕದ ಒಂದು ದೇಶ ಇಂಥ ಕೆಲಸದವರಿಗೆಂದೇ ವರ್ಷಗಟ್ಟಲೆ ಇರುವ ವೀಸಾ ಕೊಡುತ್ತದಂತೆ. ಯಾರ ಮಗಳು, ಮದುವೆ ಯಾವಾಗ ಎಂದು ಯಾರೂ ಕೇಳದ ಬೀದಿಯಲ್ಲಿ ಒಂದು ವರ್ಷ ಓಡಾಡಬೇಕು. ಅವಳ ಆಸೆ ಸಣ್ಣದೇ, ಆದರೆ ಬಿಡುವಂಥದ್ದಲ್ಲ.

ಅಡ್ಡ ಬಂದದ್ದು ಒಂದೇ ಷರತ್ತು: ಹೀಗೆ ಸ್ವಂತವಾಗಿ ದುಡಿಯಲು ಶುರುಮಾಡಿ ವರ್ಷವಾದರೂ ಆಗಿರಬೇಕು. ಅವಳದು ನಾಲ್ಕೇ ತಿಂಗಳು. ಪ್ರೆಸ್ಸನ್ನೂ ತನ್ನ ಗಿರಾಕಿಯೆಂದು ಅರ್ಜಿಯಲ್ಲಿ ತೋರಿಸಿ, ಅಯ್ನೋರ ಮುಂದೆ ಬಂದು ನಿಂತಳು.

“ಅಯ್ನೋರೆ, ವೀಸಾದೋರ ಫೋನ್ ಬಂದ್ರೆ ಒಂದ್ ಮಾತು ಹೇಳ್ಬೇಕು. ನಾನು ಸಂಬಳಕ್ಕಿರ್ಲಿಲ್ಲ, ಎರಡು ವರ್ಷದಿಂದ ಮನೇಲೇ ಮಾಡ್ಕೊಡ್ತಿದ್ದೆ ಅಂತ.”

“ಅಂಗಿರ್ಲಿಲ್ವಲ್ಲ ಕಣಮ್ಮ?”

“ಹೂಂ ಅಂದ್ರೆ ಸಾಕು. ಹೆಣ್ಣು ವಿಚಾರಿಸೋಕೆ ಬಂದೋರ್ಗೆ ಎಲ್ರೂ ಹೇಳಲ್ವಾ, ಅಂಗೆ.”

ಈ ಸೀಮೆಯಲ್ಲಿ ಆ ಮಾತಿಗೆ ಎದುರಿಲ್ಲ. ಒಲೆ ಹಚ್ಚಲು ಬಾರದವಳನ್ನೂ ಗಂಡಿನ ಕಡೆಯವರ ಮುಂದೆ ಅನ್ನಪೂರ್ಣೆ ಮಾಡುವುದು ನೆರೆಹೊರೆಯವರ ಧರ್ಮ. ಅದನ್ನು ಯಾರೂ ಸುಳ್ಳಿನ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಯ್ನೋರೊಬ್ಬರೇ ಹಿಡಿಯುತ್ತಿದ್ದರು. ಒಮ್ಮೆ ಲಗ್ನಪತ್ರಿಕೆಯಲ್ಲಿ ಮುಹೂರ್ತ ತಪ್ಪಾಗಿ ಅಚ್ಚಾದಾಗ, ಗಿರಾಕಿ ಕಾಣುವ ಮೊದಲೇ ಮಧುಗಿರಿಗೆ ಬಸ್ಸು ಹತ್ತಿ ಹೋಗಿ ತಾವೇ ಹೇಳಿ ಬಂದ ಮನುಷ್ಯ. ಅದು ಗೊತ್ತಿದ್ದೂ ಪ್ರಿಯಾಂಕ ಕೇಳಿದಳು. ತಾನು ಕೇಳಿದರೆ ಇಲ್ಲ ಅನ್ನಲಾರರು ಎಂಬುದೂ ಗೊತ್ತಿತ್ತಲ್ಲ!

ಫೋನ್ ಬಂತು, ಅಯ್ನೋರು ಹೇಳಿದರು. ಸುದ್ದಿ ಕೇಳಿ ಅವಳಿಗೆ ಖುಷಿಯಾಯಿತು. ಆದರೂ ಅವತ್ತಿನಿಂದ ಪ್ರೆಸ್ಸಿನ ಬೀದಿಗೆ ಕಾಲಿಡದೆ ಸುತ್ತುಬಳಸಿ ಓಡಾಡಿದಳು. ದೀಪಾವಳಿಗೆ ಮುಂಚೆ ವೀಸಾ ಬಂದಾಗ ಮಾತ್ರ ತಪ್ಪಿಸಿಕೊಳ್ಳಲಾಗಲಿಲ್ಲ. ಅಯ್ನೋರ ಕೈಯಿಂದ ವಿಭೂತಿ ಹಚ್ಚಿಸಿಕೊಳ್ಳದೆ ಹೊರಡುವುದುಂಟೇ? ಪೇಡ ಕಟ್ಟಿಸಿಕೊಂಡು ಬೆಳಗ್ಗೆಯೇ ಹೋದಳು.

ಬಟ್ಟಲು ಟೇಬಲ್ಲಿನ ಮೇಲಿತ್ತು. ಮಷಿನ್ ನಡೆಸುವ ರುದ್ರಮುನಿ ತಾನೇ ಬೆರಳದ್ದಿ ಹಣೆಗೆ ಎಳೆದುಕೊಳ್ಳುತ್ತಿದ್ದ.

“ಇದೇನಣ್ಣ, ನೀನೇ ಹಚ್ಕೊಂತಿದೀಯ?”

“ಅಯ್ನೋರು ಹಚ್ಚೋದು ಬುಟ್ಬುಟ್ಟವ್ರೆ. ಯಾವ್ದೋ ಫೋನ್ ಬಂದಿತ್ತು, ಅವತ್ತಿಂದ. ಏನ್ ಕೇಳಿದ್ರೂ ಬಾಯಿ ಬಿಡಲ್ಲ.”

ಪ್ರಿಯಾಂಕ ಪೇಡದ ಪೊಟ್ಟಣವನ್ನು ಟೇಬಲ್ಲಿನ ಮೇಲಿಟ್ಟಳು. ಅಷ್ಟರಲ್ಲಿ ಅಯ್ನೋರು ಒಳಗಿನಿಂದ ಬಂದರು, ಎಂದಿನಂತೆ ನಗುತ್ತಲೇ. ಅವಳು ಬಗ್ಗಿ ಹಣೆಯೊಡ್ಡಿದಳು. ಅವರು ಬಟ್ಟಲನ್ನು ಅವಳ ಕಡೆ ಸರಿಸಿದರು.

“ನೀನೇ ಇಟ್ಕೊ ತಾಯಿ. ಈ ಕೈಲಿ ಬ್ಯಾಡ.”

“ಅಯ್ನೋರೆ, ಇವತ್ತೇ ಬರೀತೀನಿ. ಎಲ್ಲಾ ಸುಳ್ಳು, ನಂದೇ ತಪ್ಪು ಅಂತ. ವೀಸಾ ಹೋದ್ರೆ ಹೋಗ್ಲಿ.”

“ಬ್ಯಾಡ ಕಣಮ್ಮ.” ಅವರ ದನಿ ಏರಲಿಲ್ಲ. “ಯಾವತ್ತೂ ಸುಳ್ಳಾಡ್ದೆ ಇದ್ದೋನು ನಿನಗೋಸ್ಕರ ಒಂದ್ಸಲ ಆಡೀನಿ. ಅದ್ನೂ ದಂಡ ಮಾಡ್ಬುಡ್ಬ್ಯಾಡ. ಹೋಗ್ಬಾ.”

ಬೈದಿದ್ದರೆ ಎಷ್ಟೋ ವಾಸಿಯಿತ್ತು. ಪ್ರಿಯಾಂಕ ಬಟ್ಟಲಿಗೆ ಕೈಹಾಕಿ ಚಿಟಿಕೆ ವಿಭೂತಿ ತೆಗೆದುಕೊಂಡಳು. ಕೈ ಹಣೆಯವರೆಗೆ ಏಳಲೇ ಇಲ್ಲ. ಹಚ್ಚಿಕೊಳ್ಳಲು ನಾಚಿಕೆ, ಚೆಲ್ಲಲು ಭಯ. ಹಾಗೇ ಮುಷ್ಟಿ ಬಿಗಿಹಿಡಿದು ಕಳ್ಳಂಬೆಳ್ಳದ ಬಸ್ಸು ಹತ್ತಿದಳು.

ಕಂಡಕ್ಟರ್ ಬಂದು ಆಧಾರ್ ಕೇಳಿದ. ಎಡಗೈಯಲ್ಲಿ ಚಾಚಿದಳು.

“ಬೆಳಬೆಳಗ್ಗೇನೇ ಎಡಗೈಲಿ ಕೊಡ್ತೀಯಲ್ಲಮ್ಮ. ಬಲಗೈಲಿ ಕೊಡು.”

ಪ್ರಿಯಾಂಕ ಬಲಗೈ ಬಿಚ್ಚಿ ನೋಡಿದಳು. ವಿಭೂತಿ ಬೆವರಿಗೆ ಕಲಸಿ ಅಂಗೈಯ ಗೆರೆಗಳಲ್ಲೆಲ್ಲ ಬೆಳ್ಳಗೆ ಕೂತಿತ್ತು.

“ಈ ಕೈಲಿ ಬ್ಯಾಡಣ್ಣ,” ಎಂದಳು.