ಬೆಳಕೆಗೆ ಬಂದ ಹಲ್ಲುಜ್ಜುವ ಪಾಠ

ಹದಿನೈದು ದಿನಕ್ಕೊಮ್ಮೆ ಶಾಲೆಯ ಜಗಲಿಯಲ್ಲಿ ಕೂಡಿಸಿ ಹಲ್ಲುಜ್ಜುವುದನ್ನು ಕಲಿಸಿದರೆ ಶುಗರ್ ಹೇಗೆ ಇಳಿಯುತ್ತದೆ ಎಂಬುದು ಮೀನು ಮಾರುವ ತಿಮ್ಮಿಯ ತಲೆಗೆ ಹೋಗಲೇ ಇಲ್ಲ. ಇದೇ ಶುಗರಿಗೆ ಅವಳ ತಾಯಿ ಒಂದು ಕಾಲು ಕಳೆದುಕೊಂಡಿದ್ದಳು. ಈಗ ತಿಮ್ಮಿಯ ಕಾಲಿನ ಹೆಬ್ಬೆರಳಿನ ಗಾಯವೂ ಮಾಯುತ್ತಿರಲಿಲ್ಲ. ಆ ಹೆದರಿಕೆಗೇ ಅವಳು, ಸಂಶೋಧನೆಯವರು ಗಡಿಬಿಡಿಯಲ್ಲಿ ಓದಿ ಮುಗಿಸಿದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ್ದು. ಊರುಗಳ ಹೆಸರಲ್ಲಿ ಚೀಟಿ ಎತ್ತಿದರಂತೆ. ಜಾಲಿಗೆ ಊಟದ ಪಾಠ, ನಡಿಗೆಯ ಪಾಠ. ತಿಮ್ಮಿಯ ಊರಾದ ಬೆಳಕೆಗೆ ಹಲ್ಲು, ಕಣ್ಣು, ಕೈ ತೊಳೆಯುವುದು. ಜಾಲಿಯವರೊಡನೆ ಈ ಮಾತು ಆಡಕೂಡದೆಂದೂ ಹೇಳಿದ್ದರು.

ಆಡಬಾರದಂಥದ್ದು ಎಂತ ಇರಬಹುದು? ತಿಮ್ಮಿಗೆ ಅನುಮಾನ ಹತ್ತಿದ್ದೇ ಅಲ್ಲಿ. ಜಾಲಿಗೆ ಕೊಟ್ಟ ನಾದಿನಿ ರೇಖಾ ಭಟ್ಕಳದ ಮೀನುಪೇಟೆಯಲ್ಲಿ ಅವಳ ಮಗ್ಗುಲಲ್ಲೇ ಬುಟ್ಟಿ ಇಡುವವಳು. ಗಿರಾಕಿ ಇಲ್ಲದ ಹೊತ್ತಿನಲ್ಲಿ ಪಾಠಗಳು ಒಂದೊಂದಾಗಿ ಆ ಬುಟ್ಟಿಯಿಂದ ಈ ಬುಟ್ಟಿಗೆ ದಾಟಿದವು. ಗಂಜಿ ಎರಡೇ ಸೌಟು, ಬಸಳೆ ಜಾಸ್ತಿ, ಉಂಡಮೇಲೆ ನಡಿಗೆ. ಬೆಳಕೆಯ ಮನೆಮನೆಗೆ ಮೀನು ಕೊಡುವವಳಿಗೆ ಜೊತೆಗೆ ಈ ಪಾಠವನ್ನೂ ಮುಟ್ಟಿಸುವುದೇನು ಕಷ್ಟ?

ಆರು ತಿಂಗಳಿಗೆ ರಕ್ತಪರೀಕ್ಷೆಯಾಯಿತು. ಎರಡೂ ಊರಿನ ಪಾಠಗಳನ್ನು ರೂಪಿಸಿದ್ದ ಡಾಕ್ಟರ್ ವಿಭಾ ಕುಮಟಾದಿಂದ ತಾವೇ ಬಂದರು. ಜಾಲಿಯಂತೆ ಬೆಳಕೆಯಲ್ಲೂ ಶುಗರ್ ಇಳಿದಿದೆ ಎಂದರು. ಹೇಳುವಾಗ ಮುಖ ಬಾಡಿತ್ತು.

"ನಮ್ದು ಇಳಿದದ್ದಕ್ಕೆ ನಿಮ್ಗೆ ಬೇಜಾರಾ, ಅಕ್ಕೋರೆ?" ತಿಮ್ಮಿ ಕೇಳಿದಳು.

ವಿಭಾ ಮುಚ್ಚಿಡಲಿಲ್ಲ. ಬರೀ ಕೂಡಿ ಕುಳಿತದ್ದಕ್ಕೇ ಜಾಲಿಯವರ ಶುಗರ್ ಇಳಿಯಿತೆಂದು ನಾಳೆ ಯಾರೂ ಅನ್ನಬಾರದು. ಅದಕ್ಕೇ ಬೆಳಕೆಯವರನ್ನೂ ಅಷ್ಟೇ ಸಲ ಕೂಡಿಸಿ, ಶುಗರಿಗೆ ಸಂಬಂಧವಿಲ್ಲದ್ದನ್ನು ಕಲಿಸಿದ್ದು. ಈಗ ಎರಡೂ ಕಡೆ ಇಳಿದರೆ, ಊಟದ ಪಾಠದಿಂದಲೇ ಇಳಿಯಿತೆಂದು ತೋರಿಸುವುದು ಹೇಗೆ? ವರ್ಷ ಕಳೆದಮೇಲೆ ಊಟದ ಪಾಠ ಇಲ್ಲಿಗೂ ಬರುವುದಿತ್ತು, ನೀವು ಹೆಬ್ಬೆಟ್ಟು ಒತ್ತಿದ ಕಾಗದದಲ್ಲಿ ಹಾಗೇ ಇದೆ ಎಂದರು.

"ವರ್ಷ ಕಾಯು ಹೇಳಿ ನನ್ನ ಬೆರಳಿಗೆ ಹೇಳಿದವ್ರು ಯಾರು? ಹಲ್ಲು ತಿಕ್ಕಿಯೇ ಇಳೀತು ಹೇಳಿ ಬರ್ಕಳಿ."

ಜಗಲಿಯೆಲ್ಲ ನಕ್ಕಿತು. ವಿಭಾ ನಗಲಿಲ್ಲ. ಹಾಗೆ ಬರೆದರೆ ಊಟದ ಪಾಠ ದಂಡವೆಂದಾಗುತ್ತದೆ ತಿಮ್ಮಕ್ಕ, ಮುಂದೆ ಹೋಗಬೇಕಿದ್ದ ಹೊನ್ನಾವರದ ಊರುಗಳಿಗೆ ಅದು ಹೋಗುವುದೇ ಇಲ್ಲ ಎಂದರು.

ತಿಮ್ಮಿ ಆ ಮುಖದಲ್ಲಿ ಸುಳ್ಳನ್ನು ಹುಡುಕಿದಳು. ಸಿಗಲಿಲ್ಲ. ಸಿಕ್ಕಿದ್ದರೆ ಬೈಯುವುದು ಸುಲಭವಿತ್ತು. ಹೊನ್ನಾವರದ ಮೀನುಪೇಟೆಯಲ್ಲೂ ಬೆರಳಿಗೆ ಬಟ್ಟೆ ಸುತ್ತಿಕೊಂಡು ಕೂತವರಿದ್ದಾರು.

"ಆತು, ಬರೀರಿ. ಜಾಲಿ ಪಾಠ ಇಲ್ಲಿಗೆ ತಂದವಳು ತಿಮ್ಮಿ. ಕದ್ದದ್ದು ಹೇಳಿ ಅಲ್ಲ. ನೀವು ಕೊಡ್ಲಿಲ್ಲ, ಅವಳೇ ತಕಂಡ್ಲು ಹೇಳಿ."

ವಿಭಾ ಬರೆದರು. ಆ ಸಾಲನ್ನು ತಿಮ್ಮಿ ಪಕ್ಕದವಳಿಂದ ಓದಿಸಿದಳು. ಕಾಗದ ಕಸಿದು, ಜಗಲಿಯ ಆಚೆ ತುದಿಯವಳಿಂದ ಮತ್ತೊಮ್ಮೆ ಓದಿಸಿದಳು. ಎರಡೂ ಒಂದೇ ಎಂದು ಖಾತ್ರಿಯಾದಮೇಲೆಯೇ ಹೆಬ್ಬೆಟ್ಟು ಒತ್ತಿದಳು.